ಮಾದೇವನ ಮುಂಬಯಿ ಚೀಟಿ

ಕಾರವಾರದಿಂದ ಅಂಕೋಲೆಯ ತನಕ ಯಾರೇ ಮುಂಬಯಿಗೆ ಹೊರಟರೂ ಮೊದಲು ತೋಡೂರಿಗೆ ಬಂದು ಮಾದೇವನ ಜಗಲಿ ಹತ್ತುತ್ತಿದ್ದರು. ಇಪ್ಪತ್ತೆಂಟು ವರ್ಷ ಮುಂಬಯಿಯ ಬಂದರಿನಲ್ಲಿ ಫಿಟರ್ ಆಗಿದ್ದು ನಿವೃತ್ತನಾದವನು. ಕೇಳಿದವರಿಗೆ ಒಂದು ಚೀಟಿ ಬರೆದುಕೊಡುತ್ತಿದ್ದ, ಕೇಳದವರನ್ನು ಕರೆದು ಕೂರಿಸಿ ಬರೆದುಕೊಡುತ್ತಿದ್ದ. ಚೀಟಿಯಲ್ಲಿ ಮೂರೇ ಸಾಲು. ಉಳಿಯಲು ಗಿರಗಾಂವದಲ್ಲಿ ಊರಿನವರು ಸೇರಿ ಬಾಡಿಗೆಗೆ ಹಿಡಿದ ಖೋಲಿ, ಉಣ್ಣಲು ಅದರ ಕೆಳಗಿನ ಖಾನಾವಳಿ, ತಿರುಗಾಡಲು ಚೌಪಾಟಿಯ ಕಡಲ ದಂಡೆ. ಅಷ್ಟು ದೊಡ್ಡ ಶಹರ ಅವನ ಮಟ್ಟಿಗೆ ಅಷ್ಟರಲ್ಲೇ ಮುಗಿಯುತ್ತಿತ್ತು.

ಖೋಲಿ ಅಂದರೆ ಅವನಿಗೆ ಬಲು ಅಭಿಮಾನ. ಅರ್ಗಾದ ಆಚೆ ಇದ್ದ ಅವರ ಊರು ನೌಕಾನೆಲೆಯ ಬೇಲಿಯೊಳಗೆ ಹೋಗಿ, ಮನೆಗಳೆಲ್ಲ ದಿಕ್ಕಾಪಾಲಾಗಿದ್ದವು. ಊರಿನ ಹೆಸರು ಬೋರ್ಡಿನ ಮೇಲೆ ಉಳಿದದ್ದು ಮುಂಬಯಿಯ ಆ ಒಂದು ಕೋಣೆಯ ಬಾಗಿಲಲ್ಲೇ. ಊರಿನವರು ಅಂದರೆ ಸಾಕು, ಟ್ರಂಕು ಇಡಲು ಗೋಡೆ ಬದಿ, ಮಲಗಲು ಒಂದು ಚಾಪೆಯಗಲ ಜಾಗ ಸಿಗುತ್ತಿತ್ತು.

೨೦೦೩ರಲ್ಲಿ ಮಗಳು ನಾಗಶ್ರೀಗೆ ಮುಂಬಯಿಯ ಆಸ್ಪತ್ರೆಯೊಂದರಿಂದ ನರ್ಸ್ ಕೆಲಸಕ್ಕೆ ಇಂಟರ್‌ವ್ಯೂ ಬಂತು. ಎರಡು ವರ್ಷದಿಂದ ಅರ್ಜಿ ಹಾಕಿ ಹಾಕಿ ಬಂದ ಮೊದಲ ಕರೆ ಅದು. ಮಂಡಿನೋವಿನ ಮಾದೇವ ಜೊತೆಗೆ ಹೋಗುವಂತಿರಲಿಲ್ಲ. ಒಬ್ಬಳೇ ಹೇಗೆ ಎಂದು ಹೆಂಡತಿ ಗಂಗೂ ರಾಗ ಎಳೆದಳು. ನಮ್ಮದೇ ಖೋಲಿ ಇರುವಾಗ ಹೆದರಿಕೆ ಎಂಥದು ಎಂದು ಅವನು ನಕ್ಕುಬಿಟ್ಟ, ಖೋಲಿ ನೋಡಿಕೊಳ್ಳುವ ದತ್ತಾನಿಗೆ ಒಂದು ಕಾಗದವನ್ನೂ ಹಾಕಿದ.

ಗಂಗೂ ಅಟ್ಟದಿಂದ ಕಂದು ಬಣ್ಣದ ರೆಕ್ಸಿನ್ ಬ್ಯಾಗು ಇಳಿಸಿ ಒರೆಸಿದಳು. ಮದುವೆಯಾದ ಮರುವರ್ಷ, ಗಂಡನ ಜೊತೆ ಮುಂಬಯಿ ನೋಡಲು ಹೋಗಬೇಕೆಂದು ಅವಳೇ ಕಾರವಾರದ ಪೇಟೆಯಲ್ಲಿ ತಂದ ಬ್ಯಾಗು. ಚೌತಿಗೆ ಊರಿಗೆ ಬಂದಾಗಲೆಲ್ಲ ಮಾದೇವ ಬರುವ ವರ್ಷ ಕರೆದೊಯ್ಯುತ್ತೇನೆ ಎನ್ನುತ್ತಿದ್ದ. ಬರುವ ವರ್ಷ ಬರಲೇ ಇಲ್ಲ, ಬ್ಯಾಗು ಮಾತ್ರ ಹೊಸದಾಗಿಯೇ ಉಳಿಯಿತು.

ನಾಗಶ್ರೀ ಮುಂಬಯಿ ಮುಟ್ಟಿದ ದಿನ ಮಧ್ಯಾಹ್ನ ಮನೆಯ ಫೋನು ಹೊಡೆದುಕೊಂಡಿತು. ಅವಳು ರಸ್ತೆ ಬದಿಯ ಕಾಯಿನ್ ಬೂತಿನಿಂದ ಮಾತಾಡುತ್ತಿದ್ದಳು. ಖೋಲಿಯಲ್ಲಿ ಹೆಂಗಸರನ್ನು ಉಳಿಸಿಕೊಳ್ಳುವ ಪದ್ಧತಿಯೇ ಇಲ್ಲವಂತೆ. ಹತ್ತು ಹದಿನೈದು ಗಂಡಸರು ಮಲಗುವ ಕಡೆ ನಿನ್ನನ್ನು ಎಲ್ಲಿ ಮಲಗಿಸಲಿ ಮಗಳೇ ಎಂದು ದತ್ತಾ ಕೈಮುಗಿದನಂತೆ. ಖಾನಾವಳಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಚೌಪಾಟಿಯಲ್ಲಿ ಕೂತು ಯೋಚಿಸೋಣ ಎಂದರೆ ಕೂತ ಐದು ನಿಮಿಷಕ್ಕೆ ಇಬ್ಬರು ಬಂದು ಪಕ್ಕದಲ್ಲಿ ಕೂತರಂತೆ. ಎರಡು ಲಾಡ್ಜಿನಲ್ಲಿ ಕೇಳಿದ್ದಳು, ಒಬ್ಬಳೇ ಹೆಣ್ಣಿಗೆ ರೂಮಿಲ್ಲ ಎಂದರು. ಇಂಟರ್‌ವ್ಯೂ ನಾಳೆ ಹತ್ತು ಗಂಟೆಗೆ. ಒಂದು ರಾತ್ರಿ ಕಳೆಯಲು ಜಾಗ ಸಿಗದಿದ್ದರೆ ಸಂಜೆ ಗಾಡಿ ಹತ್ತಿ ಬೆಳಗಾಗುವಷ್ಟರಲ್ಲಿ ಊರಿಗೆ ತಿರುಗಿ ಬರುವುದೊಂದೇ ದಾರಿ.

ಹೆಂಗಸರು ಉಳಿಯುವ ಹಾಸ್ಟೆಲ್ ಯಾವುದಾದರೂ ಗೊತ್ತೇ ಎಂದು ಮಗಳು ಕೇಳಿದಾಗ ಮಾದೇವ ಇಡೀ ಗಿರಗಾಂವವನ್ನು ಮನಸ್ಸಿನಲ್ಲೇ ಓಣಿ ಓಣಿ ಸುತ್ತಿದ. ಚಹಾದಂಗಡಿ ನೆನಪಾಯಿತು, ಕ್ಷೌರದಂಗಡಿ, ಇಸ್ಪೀಟಿನ ಮೂಲೆ, ಎಂಟಾಣೆಗೆ ಬಿಸಿನೀರು ಕೊಡುವವನು ಎಲ್ಲ ನೆನಪಾಯಿತು. ಒಬ್ಬ ಹೆಂಗಸಿಗೆ ತೆರೆಯುವ ಒಂದು ಬಾಗಿಲೂ ನೆನಪಾಗಲಿಲ್ಲ. ಕುರ್ಲಾದಲ್ಲಿದ್ದ ದಾಯಾದಿಯ ಹೆಸರು ಹೇಳಿದ. ಅವನು ಸತ್ತು ಮೂರು ವರ್ಷವಾಯಿತು ಎಂದು ಅವಳೇ ನೆನಪಿಸಿದಳು. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು, ಅಳುವೂ ಬಂತು.

"ಅಪ್ಪಾ, ಕಡೇ ಕಾಯಿನ್ ಹಾಕಿದ್ದೆ," ಎಂದಳು ನಾಗಶ್ರೀ. ಸಿಟ್ಟಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. "ಆಯಿಗೆ ಕರ್ಕೊಂಡು ಬರ್ತೆ ಬರ್ತೆ ಹೇಳಿದ್ಯಲ್ಲ. ಬಂದಿದ್ರೆ ಎಲ್ಲಿ ಇಳಿಸ್ತಿದ್ದೆ? ಆ ಜಾಗ ಹೇಳು. ನಾ ಅಲ್ಲಿಗೇ ಹೋಗ್ತೆ."

ಹಳೆಯ ಫೋನು, ಆ ಕಡೆಯ ದನಿ ಇಡೀ ಕೋಣೆಗೆ ಕೇಳುತ್ತಿತ್ತು. ಗಂಗೂ ಬಾಗಿಲ ಬಳಿ ನಿಂತಿದ್ದಳು. ಅವನು ಅವಳತ್ತ ನೋಡಿದ. ಅವಳ ಮುಖದಲ್ಲಿ ಮೂದಲಿಕೆ ಇರಲಿಲ್ಲ. ಅವಳೂ ಉತ್ತರಕ್ಕೆ ಕಾಯುತ್ತಿದ್ದಳು.

"ಹೇಳಿ," ಎಂದಳು. "ಹುಡ್ಗಿ ಕಾಯ್ತಾ ಅದೆ."

ಫೋನಿನಲ್ಲಿ ಪೀಂ ಪೀಂ ಶುರುವಾಯಿತು. ಲೈನು ಕಟ್ಟಾದ ಮೇಲೆ ಮಾದೇವ, "ನಾ ಹುಡುಕ್ಲೇ ಇಲ್ಲ ಮಗಾ," ಎಂದ. ಅದನ್ನು ಕೇಳಿಸಿಕೊಂಡವಳು ಗಂಗೂ ಒಬ್ಬಳೇ.

ಮತ್ತೆ ಫೋನು ಬರಲಿಲ್ಲ. ಸಂಜೆಯ ಗಾಡಿ ಹೊರಡುವ ಹೊತ್ತಿನ ತನಕ ಇಬ್ಬರೂ ಅಲ್ಲೇ ಕೂತಿದ್ದರು. ಆಮೇಲೆ ಗಂಗೂ ಎದ್ದು ಒಳಗೆ ಹೋಗಿ, ಬೆಳಗಿನ ದೋಸೆಗೆ ಮೂರು ಜನಕ್ಕಾಗುವಷ್ಟು ಅಕ್ಕಿ ನೆನೆಹಾಕಿದಳು.