ಅಣ್ಣ ಹೇಳಿಕೊಟ್ಟ ಪಾಠ

ಅಮ್ಮ ತನ್ನ ಲಾಂಡ್ರಿ ಅಂಗಡಿಯನ್ನೂ ಅದರ ಮೇಲಿನ ಮನೆಯನ್ನೂ, ಗಂಡನ ಏಟು ತಾಳಲಾರದೆ ಹೊರಬಂದ ಹೆಂಗಸರ ಆಶ್ರಯಧಾಮಕ್ಕೆ ಬರೆದಿಟ್ಟು ಕಣ್ಣು ಮುಚ್ಚಿದಳು. ಅಣ್ಣ ಅತ್ತಿಗೆ ಇದ್ದದ್ದೂ ಅದೇ ಮನೆಯಲ್ಲಿ. ಉಯಿಲು ಓದಿದ ದಿನ ಅಣ್ಣನ ಮುಖ ನೋಡಬೇಕಿತ್ತು. ವಕೀಲಮ್ಮನ ಮೇಜಿನಿಂದ ನೀರಿನ ಲೋಟ ಎತ್ತಿದವನು ಕುಡಿಯುವುದನ್ನೇ ಮರೆತ.

“ಜನ ಏನಂದ್ಕೋತಾರೆ? ನಮ್ಮ ಮನೇಲಿ ಯಾರಾದ್ರೂ ಹೆಂಗಸರ ಮೇಲೆ ಕೈ ಮಾಡಿದ್ದುಂಟಾ?” ಎಂದ.

ಪಕ್ಕದಲ್ಲಿದ್ದ ಅತ್ತಿಗೆ ರವಿಕೆಯ ತುಂಬುತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡರು. ಬೆವರಿಳಿಯುವ ಸೆಖೆಯಲ್ಲೂ ಅವರದು ತುಂಬುತೋಳೇ. ಅಮ್ಮನೂ ನಾನೂ ಕೇಳಿ ಕೇಳಿ ಸೋತಿದ್ದೆವು. “ಬಾಗಿಲು ತಾಗ್ತು” ಎನ್ನುತ್ತಿದ್ದರು. ನಮ್ಮ ಮನೆಯ ಬಾಗಿಲುಗಳಷ್ಟು ಮುಂಗೋಪದ ಬಾಗಿಲುಗಳು ಬೇರೆಲ್ಲೂ ಇರಲಾರವು. ಸಾಯುವ ತನಕ ಅಮ್ಮ ಸೊಸೆಯ ಬಾಯಿ ಬಿಡಿಸಲು ಹೆಣಗಿದಳು, ಆಗಲಿಲ್ಲ.

ಉಯಿಲಿನಲ್ಲಿ ಒಂದು ಷರತ್ತಿತ್ತು. ಗಂಡ ಹೊಡೆಯುತ್ತಾನೆಂದು ಸೊಸೆ ವಕೀಲರ ಮುಂದೆ ತಾನೇ ಹೇಳಿದರೆ ಮನೆ, ಅಂಗಡಿ ಎರಡೂ ಅವಳಿಗೆ. ಆ ಗಂಡ ಮಾತ್ರ ಹೊಸ್ತಿಲು ತುಳಿಯಕೂಡದು. ಅಣ್ಣ ವಿಮೆ ಏಜೆಂಟ್. ಷರತ್ತುಗಳನ್ನು ಪೂರ್ತಿ ಓದಿ ಎಂದು ಲೋಕಕ್ಕೆಲ್ಲ ಬುದ್ಧಿ ಹೇಳುವವನು. ‘ಅವಳಿಗೆ’ ಎಂಬಲ್ಲಿಗೇ ಅವನ ಕಿವಿ ಮುಚ್ಚಿಹೋಯಿತು. ಅತ್ತಿಗೆ ಕೊನೆಯವರೆಗೂ ಕೇಳಿಸಿಕೊಂಡರು.

ಅಂದು ಸಂಜೆಯೇ ಅಡುಗೆಮನೆಯಲ್ಲಿ ಪಾಠ ಶುರುವಾಯಿತು. ಅಣ್ಣ ಮೇಷ್ಟ್ರು, ಅತ್ತಿಗೆ ವಿದ್ಯಾರ್ಥಿನಿ. ಇನ್ನೂ ತವರಿನಲ್ಲೇ ಉಳಿದಿದ್ದ ನಾನು ತರಕಾರಿ ಹೆಚ್ಚುತ್ತ ಕೇಳಿಸಿಕೊಂಡೆ.

“ಕೆನ್ನೆಗೆ ಹೊಡೀತಾರೆ ಅನ್ನು.”

“ಯಾತಕ್ಕೆ ಅಂತ ಕೇಳಿದ್ರೆ?”

“ಏನೋ ಒಂದು. ಊಟ ತಡ ಆಯ್ತು ಅನ್ನು.”

“ಇಸ್ತ್ರಿಪೆಟ್ಟಿಗೆ ವಿಷಯ ಹೇಳ್ಲಾ?”

ಅಣ್ಣ ತುಸು ತಡವರಿಸಿದ. “ಅದು ಬೇಡ. ಅತಿ ಆಯ್ತು ಅನ್ಸುತ್ತೆ, ಯಾರೂ ನಂಬಲ್ಲ.”

ನನ್ನ ಕೈಯ ಚಾಕು ನಿಂತಿತು. ಇಷ್ಟು ವರ್ಷ ಬಾಗಿಲುಗಳ ತಲೆಗೆ ಕಟ್ಟಿದ್ದ ತಪ್ಪನ್ನೆಲ್ಲ ಇವನು ತಾನೇ ಒಂದೊಂದಾಗಿ ವಾಪಸು ಪಡೆಯುತ್ತಿದ್ದ. ಅತ್ತಿಗೆ ಯಾವುದೋ ಮಾತು ಮರೆತಾಗ ಅವನ ಕೈ ಮೇಲೆದ್ದಿತು. ನಾನು ನಡುವೆ ಹೋಗಿ ನಿಂತೆ. “ನೆನಪಿರಲಿ ಅಂತ ಅಷ್ಟೇ,” ಎಂದ. ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂದಿತ್ತು ನನಗೆ.

ಹೇಳಿಕೆ ಕೊಡುವ ದಿನ ಆಶ್ರಯಧಾಮದ ಮೇಲ್ವಿಚಾರಕಿಯೂ ಬಂದಿದ್ದರು. ಬಂದ ಆಸ್ತಿ ಕೈತಪ್ಪುವುದನ್ನು ನೋಡಲು, ಪಾಪ, ಎರಡು ಬಸ್ಸು ಬದಲಾಯಿಸಿ ಬಂದಿದ್ದರು.

ಅತ್ತಿಗೆ ಕೆನ್ನೆಯೇಟಿನಿಂದ ಶುರುಮಾಡಿದರು. ಅಣ್ಣ ತಲೆದೂಗಿದ. “ಹೌದು ಮೇಡಂ, ಹೊಡೆದಿದ್ದೀನಿ, ಒಪ್ಕೋತೀನಿ,” ಎಂದು ಮುಖ ಸಪ್ಪೆ ಮಾಡಿ ಪಶ್ಚಾತ್ತಾಪವನ್ನೂ ನಟಿಸಿದ. ಹೇಳಿಕೊಟ್ಟ ಪಾಠ ಮುಗಿಯಿತು. ಅತ್ತಿಗೆ ನಿಲ್ಲಿಸಲಿಲ್ಲ. ರವಿಕೆಯ ತೋಳನ್ನು ಮೆಲ್ಲಗೆ ಮೇಲಕ್ಕೆ ಮಡಚಿದರು. ಮೊಣಕೈ ಕೆಳಗೆ ಇಸ್ತ್ರಿಪೆಟ್ಟಿಗೆಯ ಮೂತಿ ಅಚ್ಚೊತ್ತಿತ್ತು. ವಕೀಲಮ್ಮ ಬರೆಯುವುದನ್ನು ನಿಲ್ಲಿಸಿದರು. ನನಗೆ ಅಳು ತಡೆಯಲಾಗಲಿಲ್ಲ.

“ಅದನ್ನ ಹೇಳ್ಬೇಡ ಅಂದಿದ್ನಲ್ಲ,” ಎಂದ ಅಣ್ಣ.

ವಕೀಲಮ್ಮ ಇಬ್ಬರಿಂದಲೂ ಸಹಿ ಹಾಕಿಸಿಕೊಂಡರು. ಆಮೇಲೆ ಅಣ್ಣನಿಗೆ, “ಇನ್ನು ನೀವು ಆ ಮನೆಗೆ ಕಾಲಿಡೋ ಹಾಗಿಲ್ಲ. ಮೊದಲ ದಿನಾನೇ ಓದಿ ಹೇಳಿದ್ದೆ,” ಎಂದರು.

“ಅಯ್ಯೋ, ಇದೆಲ್ಲ ಸುಳ್ಳು ಮೇಡಂ. ನಾನೇ ಹೇಳಿಕೊಟ್ಟಿದ್ದು.”

“ಸುಳ್ಳಾದ್ರೆ ಮನೆ ಆಶ್ರಯಧಾಮಕ್ಕೆ. ಯಾವುದಾದ್ರೂ ಒಂದು ಹೇಳಿ.”

ಅತ್ತಿಗೆ ಅವನತ್ತ ನೋಡಲೂ ಇಲ್ಲ. ಮೇಲ್ವಿಚಾರಕಿಯ ಕಡೆ ತಿರುಗಿ, “ಮನೆ ನಿಮಗೇ ಇರಲಿ, ನಮ್ಮತ್ತೆ ಆಸೆನೂ ಅದೇ. ನನಗೆ ಅಲ್ಲಿ ಈಗ ನಾನಿರೋ ಕೋಣೆ ಬಿಟ್ಕೊಟ್ರೆ ಸಾಕು,” ಎಂದರು. ಆಮೇಲೆ ಏನೋ ದೊಡ್ಡ ಉಪಕಾರ ಬೇಡುವವರಂತೆ ಕೇಳಿದರು:

“ಚಿಲಕ ಒಳಗಡೆನೂ ಹಾಕಿಸ್ತೀರಾ? ಈಗಿರೋದು ಹೊರಗಡೆ ಮಾತ್ರ.”