ಪ್ರೊಫೆಸರರ ನಾಲಿಗೆ

ಪ್ರೊಫೆಸರ್ ಸಿದ್ಧಾರೂಢರು ಕಲ್ಲನ್ನು ನೆಕ್ಕಿ ಅದರ ಕುಲಗೋತ್ರ ಹೇಳುತ್ತಾರೆ ಎಂಬ ಸುದ್ದಿ ಅವರಿಗಿಂತ ಮೊದಲೇ ರಾಮದುರ್ಗಕ್ಕೆ ಬಂದಿತ್ತು. ಹಬ್ಬಿಸಿದವರೂ ಅವರೇ.

ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಶಿಲಾಸಂಗ್ರಹದ ಹೊಸ ಕೋಣೆ ಮರುದಿನ ಉದ್ಘಾಟನೆ ಆಗುವುದಿತ್ತು. ಗಾಜಿನ ಕಪಾಟು ಬಂದಿತ್ತು, ರಿಬ್ಬನ್ ಬಂದಿತ್ತು, ಕತ್ತರಿ ಇಡಲು ಬೆಳ್ಳಿಯ ತಾಟೂ ಬಂದಿತ್ತು. ಬರಬೇಕಾದದ್ದು ಕಲ್ಲು ಮಾತ್ರ. ಕೊಡಲು ಮುಂದೆ ಬಂದವರು ಇಬ್ಬರೇ: ಸುರೇಬಾನದ ಕಬ್ಬಿನ ಸಾಹುಕಾರ ನಿಜಗುಣಪ್ಪ, ಮತ್ತು ಚಷ್ಮಾದ ಅಂಗಡಿಯಲ್ಲಿ ಕೆಲಸ ಮಾಡುವ ಮಾಲಾ. ಯಾರ ಕಲ್ಲು ಎಲ್ಲಿಯದು ಎಂಬುದಕ್ಕೆ ಆಧಾರವಿರಲಿಲ್ಲ; ಅದಕ್ಕೇ ಪ್ರೊಫೆಸರರನ್ನು ಕರೆಸಿದ್ದರು. ಪ್ರೊಫೆಸರರು ಗುರುತಿಸಿದ ಕಲ್ಲು, ಕೊಟ್ಟವರ ಹೆಸರಿನ ಫಲಕದೊಂದಿಗೆ ಕಪಾಟಿಗೆ. ಗುರುತಿಸಲಾಗದ್ದು ಗೋಣಿಚೀಲಕ್ಕೆ, ಹುಡುಗರು ಸುತ್ತಿಗೆಯಿಂದ ಒಡೆದು ಕಲಿಯಲು. ಹೀಗೆಂದು ಪ್ರಾಚಾರ್ಯ ಸಂದೀಪ ಮೊದಲೇ ಹೇಳಿಬಿಟ್ಟಿದ್ದರು.

ಮಾಲಾಳಿಗೆ ಆ ಗೋಣಿಚೀಲದ್ದೇ ಹೆದರಿಕೆ. ಅವಳ ಅಪ್ಪ ಶಟ್ಟೆಪ್ಪ ಬೋರ್‌ವೆಲ್ ಲಾರಿಯ ಮೇಲೆ ದುಡಿದವನು. ಹೋದ ಹೋದ ಊರಿನಿಂದ ಒಂದೊಂದು ಕಲ್ಲು ಜೇಬಿಗೆ ಹಾಕಿಕೊಂಡು ಬಂದು, ಯಾವುದು ಎಲ್ಲಿಯದೆಂದು ತಾನೇ ಮರೆತು, ಹೋದ ವರ್ಷ ತೀರಿಕೊಂಡಿದ್ದ. ಅವನ ಹೆಸರು ಒಂದು ಕಡೆಯಾದರೂ ಕಣ್ಣಿಗೆ ಕಾಣುವಂತೆ ಇರಲಿ ಎಂಬುದು ಅವಳ ಆಸೆ. ಸಂಜೆ ಕಾಲೇಜಿನಲ್ಲಿ ಓದಿದ್ದನ್ನೆಲ್ಲ ನೆನಪಿಗೆ ತಂದುಕೊಂಡು, ಅಂಗಡಿಯ ಭೂತಗನ್ನಡಿ ಹಿಡಿದು, ಲಿಂಬೆರಸ ಹಿಂಡಿ ನೊರೆ ಬರುತ್ತದೆಯೇ ನೋಡಿ, ಒಂದೊಂದಕ್ಕೂ ಚೀಟಿ ಬರೆದಿದ್ದಳು. ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದಳು.

"ನಿಮ್ಮಪ್ಪಗ ಕಲ್ಲಿನ ಚಟ, ನಿನಗ ಚೀಟಿ ಚಟ," ಎಂದು ಅವ್ವ ಕಾಡವ್ವ ಗೊಣಗುತ್ತಲೇ ಡಬ್ಬಿ ಹಿಡಿದುಕೊಂಡು ಜೊತೆಗೆ ಬಂದಿದ್ದಳು.

ಮೊದಲು ಸಾಹುಕಾರರ ಸರದಿ. ಅವರ ಕಲ್ಲುಗಳು ಜರಿಯಂಚಿನ ಶಾಲಿನಲ್ಲಿ ಬಂದವು. ಪ್ರೊಫೆಸರರು ಒಂದನ್ನು ಎತ್ತಿ, ಸುತ್ತಲಿನವರನ್ನೊಮ್ಮೆ ನೋಡಿ, ನಿಧಾನಕ್ಕೆ ನೆಕ್ಕಿದರು.

"ನಾಲಿಗಿಗಿಂತ ದೊಡ್ಡ ಲ್ಯಾಬ್ ಇಲ್ಲ ನೋಡ್ರಿ. ಕಲ್ಲು ಹಸಿ ಆದ್ರನ ಖರೆ ಬಣ್ಣ ಬಿಡತೈತಿ. ಇದು ತೊರಗಲ್ ಗುಡ್ಡದ ಬೆಣಚು!"

ಇನ್ನೊಂದು ಬೈಲಹೊಂಗಲದ ಕರಿಕಲ್ಲಾಯಿತು. ಗುಳ್ಳೆಗುಳ್ಳೆಯಾಗಿ ಹೊಳೆಯುವ ಮತ್ತೊಂದು ಸವದತ್ತಿಯ ಅಪರೂಪದ ಜ್ವಾಲಾಮುಖಿ ಗಾಜಾಯಿತು. ಬೆಲ್ಲದ ಗಾಣದ ಒಲೆಯಲ್ಲಿ ಕರಗಿ ಗಟ್ಟಿಯಾದ ಕಿಟ್ಟವಿದ್ದೀತೇ ಎಂದು ಮಾಲಾಳಿಗೆ ಅನಿಸಿತು. ತನಗೇನು ಗೊತ್ತು ಎಂದುಕೊಂಡಳು. ಕೊನೆಯದು ದನದ ಕೊಟ್ಟಿಗೆಯ ಬಾಗಿಲಿಗೆ ಒತ್ತು ಕೊಟ್ಟಿದ್ದ ಗುಂಡು. ಸಂದಿಯಲ್ಲಿ ಒಣಗಿದ ಸಗಣಿ ಇನ್ನೂ ಇತ್ತು. ಅದನ್ನೂ ನೆಕ್ಕಿ, ಕಣ್ಣು ಮುಚ್ಚಿ, "ಭಾಳ ಹಳೇ ಶಿಲೆ," ಎಂದರು.

"ನಮ್ಮ ಮನಿತನಾನೂ ಹಳೇದ ಬಿಡ್ರಿ," ಎಂದರು ಸಾಹುಕಾರರು.

ಮಾಲಾ ಡಬ್ಬಿ ತೆರೆದಳು. ಪ್ರೊಫೆಸರರು ಕೈ ಚಾಚಿದವರು ತಡೆದು, "ನಿಮ್ಮ ಮನಿ ಎಲ್ಲಿ?" ಎಂದರು.

"ಇಲ್ಲೇ ರಾಮದುರ್ಗರಿ, ಸರ್."

"ಅಲ್ಲ, ಯಾವ ಓಣಿ?"

"ಬುದ್ಧನಗರರಿ."

ಚಾಚಿದ ಕೈ ಜೇಬಿಗೆ ಹೋಗಿ ಪೆನ್ನು ತಂದಿತು. ಪೆನ್ನಿನ ತುದಿಯಿಂದ ಒಂದು ಕಲ್ಲನ್ನು ಹೊರಳಿಸಿದರು. "ಮೂಲ ಅನಿಶ್ಚಿತ." ಇನ್ನೊಂದನ್ನು ಹೊರಳಿಸಿದರು. "ಇದೂ ಅನಿಶ್ಚಿತ." ಅಷ್ಟು ವಿದ್ಯೆಯ ನಾಲಿಗೆ ಹಲ್ಲಿನ ಹಿಂದೆ ಅಡಗಿ ಕೂತಿತ್ತು. ಜವಾನ ಒಂದೊಂದಾಗಿ ಎತ್ತಿ ಗೋಣಿಚೀಲಕ್ಕೆ ಹಾಕತೊಡಗಿದ. ಅಪ್ಪನ ಕಲ್ಲುಗಳು ಸದ್ದು ಮಾಡುತ್ತ ಒಂದರ ಮೇಲೊಂದು ಬಿದ್ದವು. ಉಳಿದಿದ್ದ ಗುಲಾಬಿ ಬಣ್ಣದ ತುಂಡನ್ನು ಮಾಲಾ ಹಿಡಿದುಕೊಂಡಳು.

"ಸರ್, ಇದೊಂದನ್ನರ ನೆಕ್ಕಿ ನೋಡ್ರಿ. ಕಲ್ಲುಪ್ಪು ಇರಬೇಕ ಅನಸ್ತೈತಿ. ಯಾರೋ ಉತ್ತರದ ಕಡಿ ಲಾರಿ ಡ್ರೈವರ್ ಕೊಟ್ಟಾನಂತ ಅಪ್ಪ ಹೇಳ್ತಿದ್ದ."

"ಗಂಟಲಾ ಕೆಟ್ಟೈತಿ. ಹೋಗಿ ತೊಳಕೊಂಡ ಬಾ, ನೋಡೂಣು."

"ಉಪ್ಪು ಇದ್ರ ಕರಗತೈತ್ರಿ."

"ಸಗಣಿ ನೆಕ್ಕೂ ಮುಂದ ಗಂಟಲಾ ಚಲೋ ಇತ್ತಲ್ರಿ?" ಎಂದಳು ಕಾಡವ್ವ.

ಪ್ರಾಚಾರ್ಯರು ಫ್ಯಾನಿನ ಕಡೆ ನೋಡಿದರು.

ಮಾಲಾ ಆ ತುಂಡನ್ನು ತಾನೇ ನೆಕ್ಕಿದಳು. ಉಪ್ಪು! ನಾಲಿಗೆ ಚುರುಗುಟ್ಟುವಂಥ ಉಪ್ಪು. "ಉಪ್ಪೈತ್ರಿ, ಸರ್."

"ನೀ ಹೇಳಿದ್ರ ಆತೇನ? ಅದಕ್ಕ ಪಳಗಿದ ನಾಲಿಗಿ ಬೇಕ."

"ಹಂಗಾರ ಪಳಗಸತೇನ್ರಿ."

ತಪ್ಪು ಮಾಡುತ್ತಿದ್ದೇನೆಯೇ ಎಂದು ಯೋಚಿಸುತ್ತಲೇ ಶಾಲಿನ ಮೇಲಿದ್ದ ತೊರಗಲ್ಲಿನ ಬೆಣಚನ್ನು ಎತ್ತಿ ನೆಕ್ಕಿದಳು. "ಇದು ಸಪ್ಪಗೈತಿ." ಕರಿಕಲ್ಲನ್ನು ನೆಕ್ಕಿದಳು. "ಇದೂ ಸಪ್ಪಗ." ಜ್ವಾಲಾಮುಖಿ ಗಾಜನ್ನೂ ಬಿಡಲಿಲ್ಲ. "ಸರ್, ಈಗ ನೀವ ಇನ್ನೊಮ್ಮಿ ನೆಕ್ಕಿ ಹೇಳ್ರಿ, ನಂದು ಬರೋಬ್ಬರಿ ಐತೋ ಇಲ್ಲೋ."

ಪ್ರೊಫೆಸರರು ಕರವಸ್ತ್ರ ತೆಗೆದು ತಮ್ಮ ಬಾಯಿ ಒರೆಸಿಕೊಂಡರು. ಅವಳು ನೆಕ್ಕಿದ್ದು ಈಗ, ಅವರು ನೆಕ್ಕಿದ್ದು ಆಗ, ಆದರೂ ಒರೆಸಿಕೊಂಡರು.

"ಏ, ಇಡ ಅದನ್ನ!" ನಿಜಗುಣಪ್ಪ ಕುರ್ಚಿ ಬಿಟ್ಟು ಎದ್ದಿದ್ದರು. "ದೇವರ ಜಗಲಿ ಮ್ಯಾಲ ಇಟ್ಟ ಕಲ್ಲು ಅವು!"

"ಕೊಟಗ್ಯಾನ ಗುಂಡೂ ಜಗಲಿ ಮ್ಯಾಲ ಇತ್ತೇನ್ರಿ, ಸಾಹುಕಾರ್ರ?" ಕಾಡವ್ವ ಕೇಳಿದಳು.

ಸಾಹುಕಾರರು ಶಾಲಿನ ಕಡೆ ನೋಡಿದರು. ಕಲ್ಲುಗಳನ್ನು ತಾವು ಮುಟ್ಟುವ ಹಾಗಿಲ್ಲ, ಬಿಟ್ಟು ಹೋಗುವ ಹಾಗೂ ಇಲ್ಲ. ಡ್ರೈವರನನ್ನು ಕೂಗಿ, ಶಾಲಿನ ನಾಲ್ಕು ಮೂಲೆ ಹಿಡಿಸಿ ಗಂಟು ಕಟ್ಟಿಸಿ, ದೇಣಿಗೆಯನ್ನು ವಾಪಸು ತೆಗೆದುಕೊಂಡು ಹೊರಟರು. ಪ್ರೊಫೆಸರರಿಗೂ ತಟ್ಟನೆ ಬಸ್ಸು ನೆನಪಾಯಿತು. ಸಾಹುಕಾರರ ಕಾರನ್ನೇ ಹತ್ತಿದರು. ಗಂಟಿನಿಂದ ಆದಷ್ಟು ದೂರ, ಮುಂದಿನ ಸೀಟಿಗೆ.

ಖಾಲಿ ಕಪಾಟಿನ ಎದುರು ಪ್ರಾಚಾರ್ಯರು ರಿಬ್ಬನ್ನಿನ ಸುರುಳಿ ಹಿಡಿದು ನಿಂತಿದ್ದರು. ಅವರ ನ್ಯಾಯಬುದ್ಧಿ ಎಚ್ಚರಗೊಳ್ಳಲು ಇಷ್ಟು ಬೇಕಾಯಿತು.

"ಗೋಣಿಚೀಲ ತಾರೋ," ಎಂದರು ಜವಾನನಿಗೆ. ಆಮೇಲೆ ಮಾಲಾಳ ಕಡೆ ತಿರುಗಿ, "ಮೇಡಂ, ನಿಮ್ಮವು ಚೀಟಿ ಅದಾವಲ್ಲ?" ಮೇಡಂ ಆಗಿದ್ದಳು, ಆಗಿಂದಾಗಲೇ.

"ಅದಾವ್ರಿ. ಆದ್ರ ಅರ್ಧ ಕಲ್ಲು ಎಲ್ಲೀವು ಅಂತ ನನಗ ಗೊತ್ತಿಲ್ಲರಿ. ಗೊತ್ತಿಲ್ಲ ಅಂತನ ಬರದೇನಿ. ಅದನ್ನ ಬದಲ ಮಾಡಂಗಿಲ್ಲ."

"ಏನರ ಇರ್ಲಿ ಹಚ್ಚ್ರಿ. ನಾಳೆ ಮುಂಜಾನಿ ಮಂದಿ ಬರ್ತಾರ."

ಮಾಲಾ ಒಂದೊಂದು ಕಲ್ಲನ್ನೂ ಸೆರಗಿನಿಂದ ಒರೆಸಿ ಕಪಾಟಿನಲ್ಲಿಟ್ಟಳು. ಆಮೇಲೆ ಕುರ್ಚಿ ಹತ್ತಿ, 'ಶಟ್ಟೆಪ್ಪ, ಬೋರ್‌ವೆಲ್ ಕೆಲಸಗಾರ, ರಾಮದುರ್ಗ' ಎಂದು ಬರೆದ ಫಲಕವನ್ನು ಗಾಜಿನ ಮೇಲೆ ಹಿಡಿದು, ಸೊಟ್ಟಗಿದೆಯೇ ಎಂದು ಅವ್ವನನ್ನು ಕೇಳಿದಳು.

"ನೆಟ್ಟಗೈತಿ," ಎಂದಳು ಕಾಡವ್ವ. "ಇನ್ನಷ್ಟ ಮ್ಯಾಲ ಹಿಡಿ. ಹಿಂದ ನಿಂತವರಿಗೂ ಕಾಣಬೇಕ."