ಒಳಗೋ ಹೊರಗೋ

"ಬಿಡು ಕೈ! ಆ ಹಿಡಿ ನಿನ್ನದಲ್ಲ," ಎಂದು ಹೆಣ ಹೊರಲು ಬಂದಿದ್ದ ಬಂದರಿನ ಕೊರ್ನೆಲಿಯೊ ಮುದುಕನ ಕೈಯನ್ನು ಶವಪೆಟ್ಟಿಗೆಯಿಂದ ಕಿತ್ತ.

ಮುದುಕ ಬಾಲ್ದೊ ಮತ್ತೆ ಹಿಡಿದ. "ಹೊರೋಕೆ ಬಂದಿದ್ದೀನಪ್ಪ, ಕದಿಯೋಕಲ್ಲ."

"ನಲವತ್ತು ವರ್ಷ ಅವನನ್ನ ಕಳ್ಳ ಅಂದೋನು ಇವತ್ತು ಹೊರ್ತೀಯಾ? ಒಲಿಂದಾ, ಇವನ ಹೊಟ್ಟೇಲಿ ಏನೋ ಇದೆ."

ಒಲಿಂದಾಗೂ ಅದೇ ಅನುಮಾನ. ಪೆಟ್ಟಿಗೆಯಲ್ಲಿದ್ದವನು ಅವಳಪ್ಪ ಫೌಸ್ತಿನೊ. ಲೀಮಾ ಪಕ್ಕದ ಕಯಾವೊ ಬಂದರಿನಲ್ಲಿ ಮೀನು ಮಾರುತ್ತಿದ್ದವನು, ಒಂದು ಕಾಲಕ್ಕೆ ಬಂದರು ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಇಲ್ಲಿ ಹಳೇ ಆಟಗಾರ ಸತ್ತರೆ ಪೆಟ್ಟಿಗೆಯನ್ನು ಮೈದಾನಕ್ಕೆ ತಂದು, ಗೋಲಿನ ಎರಡು ಕಂಬಗಳ ನಡುವೆ ದಾಟಿಸಿ, ಕೊನೆಯ ಗೋಲು ಎಂದು ಚಪ್ಪಾಳೆ ತಟ್ಟುತ್ತಾರೆ. ಬದುಕಿದ್ದಾಗ ಸಿಗದ ಆ ಚಪ್ಪಾಳೆ ಅಪ್ಪನಿಗೆ ಈಗಲಾದರೂ ಸಿಗಬೇಕು. ಅವಳಿಗೆ ಬೇಕಿದ್ದುದು ಅಷ್ಟೇ.

"ನಿಜ ಹೇಳು ಮಾವ, ಯಾಕೆ ಬಂದೆ?"

"ಸಾಯೋವಾಗ ಅವನು ಏನಾದ್ರೂ ಬಾಯಿ ಬಿಟ್ನಾ?"

"ನೀರು ಕೇಳಿದ."

"ಅಷ್ಟೇನಾ?" ಬಾಲ್ದೊ ಅವಳ ಮುಖವನ್ನೇ ಜಾಲಾಡಿದ. ಹೆಣದ ಮುಂದೂ ತಪಾಸಣೆ!

"ಹಿಡೀಲಿ ಬಿಡು, ಕೊರ್ನೆಲಿಯೊ ಅಣ್ಣ," ಎಂದಳು ಒಲಿಂದಾ. "ಕಣ್ಣಿಟ್ಟಿರು."

*

ನಲವತ್ತು ವರ್ಷದ ಹಿಂದೆ, ಲೀಮಾ ಫುಟ್‌ಬಾಲ್ ಲೀಗಿನ ಎರಡನೇ ವರ್ಷ. ಆ ಮೈದಾನದ ಗೋಲಿಗೆ ಆಗ ಬಲೆ ಇರಲಿಲ್ಲ. ಕಂಬಗಳ ಹಿಂದೆ ಬರೀ ಬಯಲು. ಕಪ್ ಯಾರಿಗೆಂದು ತೀರ್ಮಾನವಾಗುವ ಆಟ. ಎದುರಾಳಿ ಗಿರಣಿ ತಂಡದ ಬಾಲ್ದೊ ಒದ್ದ ಚೆಂಡು ಕಂಬದ ಪಕ್ಕ ಧೂಳೆಬ್ಬಿಸಿಕೊಂಡು ಹೋಯಿತು. ರೆಫರಿ ಮೈದಾನದ ನಡುವೆ ಏದುಸಿರು ಬಿಡುತ್ತಿದ್ದ. ಅವನಿಗೆ ಏನೂ ತಿಳಿಯಲಿಲ್ಲ. ಆಗಿನ ರೂಢಿಯಂತೆ ನೇರ ಗೋಲ್‌ಕೀಪರ್ ಫೌಸ್ತಿನೊ ಬಳಿ ಬಂದ.

"ಹತ್ತಿರ ಇದ್ದೋನು ನೀನು. ಒಳಗೋ ಹೊರಗೋ? ನಿನ್ನ ಮಾತೇ ಕೊನೆ."

ಫೌಸ್ತಿನೊನ ಎರಡೂ ಕಣ್ಣಿಗೆ ಮಣ್ಣು ಬಿದ್ದಿತ್ತು. ಚೆಂಡನ್ನು ಅವನು ನೋಡಿರಲೇ ಇಲ್ಲ. ಇನ್ನೂ ಮೀಸೆ ಬಲಿಯದ ಹುಡುಗ, ಎದುರಿಗೆ ಇಡೀ ಬಂದರು ಉಸಿರು ಬಿಗಿಹಿಡಿದು ನಿಂತಿದೆ. ನನಗೆ ಕಾಣಲಿಲ್ಲ ಅನ್ನಲು ಬಾಯಿ ಎಲ್ಲಿಂದ ಬರಬೇಕು?

"ಹೊರಗೆ," ಎಂದ.

ಕಪ್ ಬಂದರಿಗೆ ಸಿಕ್ಕಿತು, ಊರಿನ ಅನುಮಾನ ಅವನೊಬ್ಬನ ಪಾಲಿಗೆ. ತಕ್ಕಡಿಗೆ ಮೀನು ಹಾಕಿದರೆ ಗಿರಾಕಿಗಳು ಬಗ್ಗಿ, "ನಿನ್ನ ಹೆಬ್ಬೆರಳು ತಟ್ಟೆ ಒಳಗೋ ಹೊರಗೋ, ಫೌಸ್ತಿನೊ?" ಎಂದು ಕಿಸಕ್ಕನೆ ನಗುತ್ತಿದ್ದರು. ಅದೇ ಕಪ್ಪಿನಲ್ಲಿ ಪಿಸ್ಕೊ ಸಾರಾಯಿ ಸುರಿದುಕೊಂಡು ಕುಡಿದ ಅವನ ತಂಡದವರೂ ನಗುತ್ತಿದ್ದರು, ನಾಚಿಕೆಗೆಟ್ಟವರು! ಒಂದು ದಿನ ಹೆಂಡತಿಯೂ ಕೇಳಿದಳು. ಆಮೇಲೆ ಅವನು ಆ ಮಾತಿಗೆ ಉತ್ತರ ಕೊಡುವುದನ್ನೇ ಬಿಟ್ಟ.

*

ಕಂಬಗಳು ಹತ್ತಿರವಾದಂತೆ ಪೆಟ್ಟಿಗೆ ಬಲಕ್ಕೆ ವಾಲಿತು.

"ಎಳೀತಿದ್ದಾನೆ!" ಕೊರ್ನೆಲಿಯೊ ಕೂಗಿದ. "ಕಂಬದ ಹೊರಗೆ ಸಾಗಿಸೋಕೆ ಬಂದಿದ್ದಾನೆ, ಮುದಿ ನರಿ!"

"ನೂಕಿದ್ದು ನೀನು ಕಣೋ! ನನ್ನ ಮಂಡಿ ನೆಟ್ಟಗೆ ನಿಲ್ಲಲ್ಲ, ನಾನೇನು ಎಳೀಲಿ?"

ಒಬ್ಬ ಇತ್ತ, ಒಬ್ಬ ಅತ್ತ. ಪೆಟ್ಟಿಗೆ ಧಡ್ ಎಂದು ಕಂಬಕ್ಕೆ ಬಡಿದು ನಿಂತಿತು. ಜನರೆಲ್ಲ ಗುಜುಗುಜು ಎಂದರು.

"ನೀನೇ ಹೇಳು, ಪಕ್ಕದಲ್ಲೇ ಇದ್ದೆ," ಕೊರ್ನೆಲಿಯೊ ಒಲಿಂದಾ ಕಡೆ ತಿರುಗಿದ. "ಇವನು ಎಳೆದದ್ದು ಹೌದೋ ಅಲ್ಲೋ?"

ಎಲ್ಲರೂ ಅವಳ ಬಾಯಿಯನ್ನೇ ನೋಡಿದರು. ಹೌದು ಅಂದರೆ ಮುದುಕನನ್ನು ಅಟ್ಟುತ್ತಾರೆ, ಅಪ್ಪನಿಗೆ ಚಪ್ಪಾಳೆ ಸಿಗುತ್ತದೆ. ಅವಳು ಕಣ್ಣೊರೆಸಿಕೊಂಡಳು.

"ಅಳ್ತಿದ್ದೆ. ನನಗೆ ಕಾಣಲಿಲ್ಲ."

"ಅಷ್ಟು ಹತ್ತಿರ ಇದ್ದು ಕಾಣಲಿಲ್ವಾ?" ಯಾರೋ ಹಿಂದಿನಿಂದ ವ್ಯಂಗ್ಯವಾಗಿ ನಕ್ಕರು. ಒಂದು ಚಪ್ಪಾಳೆಯೂ ಕೇಳಲಿಲ್ಲ.

ಬಾಲ್ದೊ ಮಾತ್ರ ನಗಲಿಲ್ಲ. "ನಿನಗೂ ಕಾಣಲಿಲ್ವೇನೋ, ಫೌಸ್ತಿನೊ?" ಎಂದ. ಒಳಗಿನಿಂದ ಯಾರೋ ಮಾತಾಡಿದರೇನೋ ಎಂಬಂತೆ, ಕಂಬದ ಸುಣ್ಣ ಮೆತ್ತಿದ್ದ ಪೆಟ್ಟಿಗೆಯ ಹಲಗೆಗೆ ಮೆಲ್ಲಗೆ ಕಿವಿ ತಾಗಿಸಿದ.